ಮುನ್ನೂರೆರಡಕ್ಕೆ ಬಂದ ಕರೆ

ಸಂಜೆ ಐದಕ್ಕೆ ಕರೆದಿದ್ದ ಸಭೆ ಐದೂಮುಕ್ಕಾಲಾದರೂ ಶುರುವಾಗಿರಲಿಲ್ಲ. ಹೊರಗೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಕಟ್ಟಡದ ನೆಲಮಹಡಿಯ ಸಭೆಯ ಕೋಣೆಯಲ್ಲಿ ಏಳು ಜನ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು, ಇನ್ನೂ ಬಾರದವರನ್ನು ಬೈಯುತ್ತಿದ್ದರು. ಚರ್ಚೆಗಿದ್ದ ವಿಷಯ ಒಂದೇ. ಮುಂಬಾಗಿಲಿನ ಹಳೆಯ ಇಂಟರ್‌ಕಾಮ್ ಕಿತ್ತುಹಾಕಿ, ಬಂದವರ ಮುಖ ಗುರುತಿಸಿ ತಾನೇ ಬಾಗಿಲು ತೆಗೆಯುವ ಹೊಸದೊಂದನ್ನು ತರಿಸುವುದು. ಎರಡನೇ ಮಹಡಿಯ ಹಲ್ಲಿನ ಡಾಕ್ಟರು ಅದರ ಬಣ್ಣಬಣ್ಣದ ಪುಸ್ತಿಕೆಯನ್ನು ಕೈಯಿಂದ ಕೈಗೆ ದಾಟಿಸಿದರು. ಮೂಲೆಯಲ್ಲಿದ್ದ ಆಪರೇಟರಜ್ಜಿಯ ಕೈಗೆ ಬಂದಾಗ ಆಕೆ ಅದನ್ನು ತೆರೆದೂ ನೋಡದೆ ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ತನ್ನ ಕುರ್ಚಿಯ ಕಾಲಡಿ ತುರುಕಿದಳು.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ಊರಿನ ಮಾತನ್ನೆಲ್ಲ ಒಂದು ತೂತಿನಿಂದ ಇನ್ನೊಂದು ತೂತಿಗೆ ಪೋಣಿಸಿದವಳು ಆಕೆ. ಅವಳ ಬಾಯಲ್ಲಿ ಯಾರೊಬ್ಬರ ಹೊಗಳಿಕೆಯೂ ಬಂದದ್ದನ್ನು ಆ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ.

"ಹಳೇದನ್ನ ಕೀಳ್ತೀರಾ? ಕೀಳಿ, ಕೀಳಿ... ನಿಮಗಿಂತ ಮುಂಚೆ ಕಿತ್ತೋರನ್ನೂ ನೋಡಿದೀನಿ."

"ಯಾಕಜ್ಜಿ, ಹಾಗಂತೀರಿ?" ನಾಲ್ಕನೇ ಮಹಡಿಗೆ ಹೊಸದಾಗಿ ಬಂದಿದ್ದ ಟೀಚರು ಕೇಳಿದಳು.

ಅಜ್ಜಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕುರ್ಚಿಗಳು ಒಂದೊಂದಾಗಿ ಅವಳ ಕಡೆ ಸರಿದವು.

"ಹಾಗಾದ್ರೆ ಕೇಳಿ. ಮುನ್ನೂರೆರಡನೇ ನಂಬರ್ ಮನೇಲಿ ಆಗ ನಮ್ಮ ಕಮಿಟಿ ಕಾರ್ಯದರ್ಶಿ ಇದ್ದ. ನಿಮ್ಮಲ್ಲಿ ಅರ್ಧ ಜನ ಅವನನ್ನ ನೋಡಿಲ್ಲ, ಪುಣ್ಯವಂತರು. ಮೈಮೇಲೆ ಒಂದು ಸುಕ್ಕಿಲ್ಲದ ಅಂಗಿ, ಒಳಗೆ ಬರೀ ಸುಕ್ಕು. ಆ ಇಸ್ತ್ರಿಯಾದ್ರೂ ಅವನು ಮಾಡಿದ್ದಾ? ಅಲ್ಲ. ಅವನಿಗೊಬ್ಬಳು ಅಕ್ಕ ಇದ್ಲು. ತಾಯಿ ತೀರಿಕೊಂಡಾಗ ಇವನಿಗೆ ನಾಲ್ಕು ವರ್ಷ, ಅವಳಿಗೆ ಹದಿನಾಲ್ಕು. ಲಾಂಡ್ರಿಯಲ್ಲಿ ನಿಂತು, ಕಂಡೋರ ಬಟ್ಟೆ ಒಗೆದು, ಇಸ್ತ್ರಿ ಹಾಕಿ, ಮೊಣಕೈವರೆಗೂ ಸುಟ್ಟುಕೊಂಡು ಇವನನ್ನ ಓದಿಸಿದ್ಲು. ತನಗೂ ಒಂದು ಬದುಕು ಇದೆ ಅನ್ನೋದು ನೆನಪಾಗೋ ಹೊತ್ತಿಗೆ ತಲೆ ನರೆತಿತ್ತು. ಇವನು ಓದಿದ, ಕೆಲಸ ಹಿಡಿದ, ಮನೆ ಕೊಂಡ... ಆಮೇಲೇನು? ಏರಿದ ಏಣಿ ಒದ್ದ. ಅದರಲ್ಲೂ ಅವನದೇ ಅಂತ ಹೊಸದೇನೂ ಇಲ್ಲ ನೋಡಿ, ಎಲ್ಲರೂ ಮಾಡೋದೇ.

"ಪ್ರತಿ ಬುಧವಾರ ಮಧ್ಯಾಹ್ನ ಅವಳು ಇವನ ಅಂಗಿಗಳನ್ನ ಗಂಟು ಕಟ್ಕೊಂಡು ಬರೋಳು. ಗೇಟಿನವನು 'ಬನ್ನಿ ಅಕ್ಕಾ' ಅಂತ ಬಿಡೋನು. ಇವನಿಗೆ ಅದೇ ನುಂಗಲಾರದ ತುತ್ತು. ಲಿಫ್ಟಲ್ಲಿ ಯಾರಾದ್ರೂ ನೋಡಿ ಇವಳ್ಯಾರು ಅಂದ್ರೆ? ಮೊದಲು ಗೇಟಿನವನನ್ನ ಕೆಲಸದಿಂದ ತೆಗೆಸಿದ. ಆಮೇಲೆ ತಂದ, ಈ ಇಂಟರ್ನೆಟ್ ಇಂಟರ್‌ಕಾಮ್.

"ಅದಕ್ಕೆ ಮುಂಚೆ ಬಾಗಿಲಿಂದ ಮನೆಮನೆಗೆ ತಂತಿ ಇತ್ತು, ಗೋಡೆ ಮೇಲೊಂದು ಫೋನು. ಮನೇಲಿ ಇದ್ರೆ ಎತ್ತಿ, ಇಲ್ಲಾಂದ್ರೆ ಇಲ್ಲ. ಹೊಸದರಲ್ಲಿ ಹಾಗಲ್ಲ. ಒಂದೊಂದು ಮನೆಗೆ ಒಂದು ನಂಬರು, ಒಂದು ಪಾಸ್‌ವರ್ಡು. ಬಂದೋರು ಬಾಗಿಲಲ್ಲಿ ನಿಂತು ನಂಬರ್ ಒತ್ತಿದ್ರೆ, ಕರೆ ಇಂಟರ್ನೆಟ್ ಮೇಲೆ ಹಾರಿಹೋಗಿ ನಿಮ್ಮ ಜೇಬಿನ ಮೊಬೈಲಲ್ಲಿ ಕೂಗುತ್ತೆ, ನೀವು ಎಲ್ಲೇ ಸಾಯ್ತಾ ಇರಿ. ಮುಖ ಕಾಣುತ್ತೆ, ಮಾತು ಕೇಳುತ್ತೆ, ಬೇಕಾದ್ರೆ ಅಲ್ಲಿಂದ್ಲೇ ಒತ್ತಿದ್ರೆ ಬಾಗಿಲು ಟಕ್ ಅನ್ನುತ್ತೆ. ಅದನ್ನ ಹಾಕೋಕೆ ಬಂದ ಮೇಸ್ತ್ರಿ ಎರಡು ದಿನ ಮೊಣಕಾಲೂರಿ ಕೂತು ಜೋಡಿಸಿದ. ಮೊದಲ ದಿನ ಒಳಗಿನ ಮಾತು ಹೊರಗೆ ಹೋಗ್ತಿತ್ತು, ಹೊರಗಿನ ಮಾತು ಒಳಗೆ ಬರ್ತಿರಲಿಲ್ಲ. 'ನಮ್ಮ ಕಮಿಟಿಗೆ ಹೇಳಿ ಮಾಡಿಸಿದ ಹಾಗಿದೆ, ಹೀಗೇ ಬಿಡಪ್ಪಾ' ಅಂದೆ. ಬಿಡಲಿಲ್ಲ, ಸರಿ ಮಾಡಿದ.

"ಆಗ ಕಾರ್ಯದರ್ಶಿ ಅಂದ, 'ಯಾರ ಮನೆ ನಂಬರ್ ಒತ್ತಿದ್ರೂ ಕರೆ ಮೊದಲು ನನ್ನ ಫೋನಿಗೆ ಬರ್ಬೇಕು. ನಾನು ಸರಿ ಅಂದ್ರೆ ಅವರಿಗೆ ಹೋಗ್ಲಿ.'

"ಮೇಸ್ತ್ರಿ ಅಂದ, 'ಬೇಡಿ ಸಾರ್. ಅವರವರ ಮನೆಗೆ ಬಂದೋರನ್ನ ಅವರವರು ನೋಡ್ಕೊಳ್ಳಲಿ.'

"'ನಿನಗೆ ಹೇಳಿದಷ್ಟು ಮಾಡು. ಬಂದೋರು ಎಂಥೋರು ಅಂತ ಒಬ್ಬ ನೋಡ್ಬೇಡ್ವಾ?'

"ಒಂದು ಕಾಗದ ಬಂತು, ಎಲ್ಲರೂ ಸಹಿ ಹಾಕಿದ್ವಿ. ಡಾಕ್ಟ್ರೇ, ನೆಲ ನೋಡ್ಬೇಡಿ, ನೀವೂ ಹಾಕಿದ್ರಿ. ನಾನೂ ಹಾಕಿದೆ. ಕುರಿಗಳು ಓದಿ ಸಹಿ ಹಾಕ್ತಾವಾ?"

ಯಾರೋ ನಗಲು ಹೋಗಿ ಕೆಮ್ಮಿದರು.

"ಅವತ್ತು ಬುಧವಾರ. ಇವತ್ತಿನ ಹಾಗೇ ಮಳೆ. ಪಕ್ಕದ ಬೀದಿ ಹೋಟೆಲಿನ ಮೀಟಿಂಗ್ ಹಾಲಲ್ಲಿ ಐದಾರು ಕಟ್ಟಡಗಳ ಕಾರ್ಯದರ್ಶಿಗಳನ್ನ ಸೇರಿಸ್ಕೊಂಡು ಇವನು ತನ್ನ ಪ್ರತಾಪ ತೋರಿಸ್ತಿದ್ದ. ಫೋನಿನ ಚಿತ್ರ ಗೋಡೆಯಷ್ಟು ದೊಡ್ಡದಾಗಿ ಕಾಣೋ ಹಾಗೆ ಮೇಸ್ತ್ರಿ ಕೈಲಿ ಪರದೆ ಕಟ್ಟಿಸಿದ್ದ. ಮಾತಾಡ್ತಾ ಇರೋವಾಗಲೇ ಫೋನ್ ಕೂಗ್ತು. 'ನೋಡಿ, ಸರಿಯಾದ ಹೊತ್ತಿಗೆ ಬಂತು!' ಅಂತ ಒತ್ತಿದ... ಗೋಡೆ ತುಂಬ ಅಕ್ಕ. ತೊಪ್ಪೆಯಾಗಿ ನೆಂದಿದಾಳೆ. ಗಂಟು ಮಾತ್ರ ನೆನೀದ ಹಾಗೆ ಪ್ಲಾಸ್ಟಿಕ್ ಸುತ್ತಿ ಒಂದು ಕೈಲಿ ಅವುಚಿಕೊಂಡಿದಾಳೆ, ಇನ್ನೊಂದು ಕೈ ಎದೆ ಮೇಲೆ.

"'ತಮ್ಮಾ... ಬಾಗಿಲು ತೆಗಿಯೋ. ಎದೆ ಹಿಡ್ಕೊಂಡ ಹಾಗಿದೆ. ಸ್ವಲ್ಪ ಕೂತು ಹೋಗ್ತೀನಿ.'

"ಅಲ್ಲಿದ್ದೋರೆಲ್ಲ ಕೇಳಿಸ್ಕೊಂಡ್ರು. 'ಯಾರ್ರೀ ಅದು, ನಿಮ್ಮನ್ನ ತಮ್ಮ ಅಂತಿದಾಳೆ?' ಅಂದ ಒಬ್ಬ.

"ಇವನು ಏನಂದ ಗೊತ್ತಾ? 'ಇಸ್ತ್ರಿ ಮಾಡೋಳು. ಇಂಥೋರಿಗೆ ಎಲ್ಲರೂ ಅಣ್ಣ, ಎಲ್ಲರೂ ತಮ್ಮ. ಬಿಟ್ರೆ ಒಳಗೆ ಬಂದು ಕೂರ್ತಾರೆ. ಅದಿರ್ಲಿ, ಧ್ವನಿ ನೋಡಿ, ಎಷ್ಟು ಸ್ಪಷ್ಟ! ಬೇಡ ಅಂದ್ರೆ ಈ ಕೆಂಪು ಗುಂಡಿ, ಅಷ್ಟೇ.' ಒತ್ತಿದ. ನಾಲ್ಕು ಜನ ಚಪ್ಪಾಳೆ ತಟ್ಟಿದ್ರು.

"ಆದ್ರೆ ಒಂದು ಮರೆತಿದ್ದ, ದಡ್ಡ. ಮಾತು ಎರಡೂ ಕಡೆ ಹೋಗೋ ಹಾಗೆ ಮಾಡಿಸಿದ್ದು ಅವನೇ ಅಲ್ವಾ? ಅವನಂದಿದ್ದೆಲ್ಲ ಬಾಗಿಲಲ್ಲಿ ಕೇಳಿಸ್ತು. ಗುಂಡಿ ಒತ್ತೋಕೆ ಮುಂಚೆ ಅವಳ ಮುಖ ನೋಡಿದೋನು ಮೇಸ್ತ್ರಿ. ಕಾದ ಇಸ್ತ್ರಿಪೆಟ್ಟಿಗೆ ಕೈ ಮೇಲೆ ಬಿದ್ರೂ ಮುಖ ಕಿವುಚದೋಳು... ಅದನ್ನ ಹೇಳೋವಾಗ ಅವನು ಅತ್ತ. ಓಡಿ ಬಂದ್ಯಾ ಅಂತ ಕೇಳಿದೆ. ಇಲ್ಲ, ತಂತಿ ಸುತ್ತುತ್ತಿದ್ದನಂತೆ.

"ಅವಳು ಸುಮ್ಮನೆ ಕೂರಲಿಲ್ಲ, ಪಾಪ. ಒಂದೊಂದೇ ಮನೆ ನಂಬರ್ ಒತ್ತಿದ್ಲು. ಎಲ್ಲ ಕರೆಯೂ ಹೋಗಿದ್ದು ಇವನ ಫೋನಿಗೇ. ಅದನ್ನ ಸದ್ದು ಮಾಡದ ಹಾಗೆ ಮಾಡಿ ಊಟಕ್ಕೆ ಕೂತಿದ್ದ. ನನ್ನ ಮನೆ ನಂಬರೂ ಒತ್ತಿದ್ಲು... ಬಾಗಿಲಿಂದ ನನ್ನ ಮನೆಗೆ ಹತ್ತು ಹೆಜ್ಜೆ. ನಾನು ಟೀವಿ ಜೋರಾಗಿ ಹಾಕ್ಕೊಂಡು ಕೂತಿದ್ದೆ. ಮೂರು ಗಂಟೆಗೆ ಡಾಕ್ಟ್ರು ಬಂದು ನೋಡಿದಾಗ ಮೆಟ್ಟಿಲ ಮೇಲೆ ಒರಗಿದ್ಲು. ಮೈ ತಣ್ಣಗಾಗಿತ್ತು. ಗಂಟಿನೊಳಗಿನ ಅಂಗಿ ಒಂದೂ ನೆಂದಿರಲಿಲ್ಲ.

"ಕಾರ್ಯದರ್ಶಿ ಅತ್ತ, ಗೊಳೋ ಅಂತ ಅತ್ತ. ಅಳೋದಕ್ಕೇನು? ನಾಲ್ಕನೇ ದಿನ ಅದೇ ಗಂಟಿನಿಂದ ಒಂದು ಅಂಗಿ ತೆಗೆದು ಹಾಕ್ಕೊಂಡು ಆಫೀಸಿಗೆ ಹೋದ.

"ಮುಂದಿನ ಬುಧವಾರ ಮಧ್ಯಾಹ್ನ, ಸುಡೋ ಬಿಸಿಲು. ಆಫೀಸಲ್ಲಿ ಇವನ ಫೋನ್ ಕೂಗ್ತು. 'ಮುಂಬಾಗಿಲು' ಅಂತ ಬಂತು. ಎತ್ತಿದ್ರೆ ಬರೀ ಮೆಟ್ಟಿಲು, ಯಾರೂ ಇಲ್ಲ. ಆದ್ರೆ ಮಳೆ ಹೊಯ್ಯೋ ಸದ್ದು... ಆ ಸದ್ದಿನ ಒಳಗಿಂದ, 'ತಮ್ಮಾ, ಬಾಗಿಲು ತೆಗಿಯೋ.' ಕೋಪ ಇಲ್ಲ, ಶಾಪ ಇಲ್ಲ. ಮೊದಲಿನ ಹಾಗೇ.

"ಮೇಸ್ತ್ರಿಯನ್ನ ಕರೆಸಿದ. ಮೇಸ್ತ್ರಿ ದಾಖಲೆ ತೆಗೆದು ನೋಡಿದ, ಬಾಗಿಲಿಂದ ಆ ಹೊತ್ತಿಗೆ ಕರೆಯೇ ಹೋಗಿಲ್ಲ. ಪಾಸ್‌ವರ್ಡ್ ಬದಲಾಯಿಸಿದ್ರು. ಬುಧವಾರ ಬಂತು, ಕೂಗ್ತು. ಹೊಸ ಫೋನ್ ತಗೊಂಡ, ಕೂಗ್ತು. ಇಂಟರ್ನೆಟ್ ತಂತಿ ಕೀಳಿಸಿದ, ಪೆಟ್ಟಿಗೆಯನ್ನೇ ಗೋಡೆಯಿಂದ ಬಿಚ್ಚಿಸಿದ. ಬರೀ ತೂತು, ನೇತಾಡೋ ನಾಲ್ಕು ತಂತಿ. ಆಗಲೂ ಕೂಗ್ತು. ಜನ ಗಲಾಟೆ ಮಾಡಿದ್ದಕ್ಕೆ ಮತ್ತೆ ಹಾಕಿಸಿದ. ಆ ಹೊತ್ತಿಗೆ ಮನುಷ್ಯ ಅರ್ಧ ಆಗಿದ್ದ. ಕೊನೆಗೊಂದು ಬುಧವಾರ ತಡೆಯಲಾರದೆ 'ಬಾ' ಅಂತ ಒದರಿ, ಬಾಗಿಲು ತೆಗೆಯೋ ಗುಂಡಿ ಒತ್ತಿಬಿಟ್ಟ.

"ಆಗ ನಾನು ಅಲ್ಲೇ ಕೆಳಗೆ ನಿಂತು ಅಂಚೆ ಡಬ್ಬ ತೆಗೀತಿದ್ದೆ. ಟಕ್ ಅಂತು. ಬಾಗಿಲು ತಾನಾಗೇ ತೆರಕೊಂಡ್ತು. ಒದ್ದೆ ಗಾಳಿ ಬಂತು, ಹಿಂದೆಯೇ ಬಿಸಿ ಬಟ್ಟೆ ವಾಸನೆ. ಗಾಳಿ ಇರ್ಬೇಕು ಅಂದ್ಕೊಂಡೆ. ಆಮೇಲೆ ಲಿಫ್ಟು ಬಾಗಿಲು ಹಾಕ್ಕೊಂಡು ಮೂರನೇ ಮಹಡಿಗೆ ಹೋಯ್ತು... ಗಾಳಿಗೆ ಲಿಫ್ಟಿನ ಗುಂಡಿ ಒತ್ತೋಕೆ ಬರುತ್ತಾ?"

ಡಾಕ್ಟರು ತಮ್ಮ ಉಂಗುರವನ್ನು ತಿರುಗಿಸುತ್ತಲೇ ಇದ್ದರು.

"ಆರು ದಿನ ಆರಾಮಾಗಿದ್ದ. ಏಳನೇ ದಿನ ಆಫೀಸಿಂದ ಹೊರಡೋವಾಗ ಫೋನ್ ಕೂಗ್ತು. ಈ ಸಲ 'ಮುಂಬಾಗಿಲು' ಅಲ್ಲ. 'ಮುನ್ನೂರೆರಡು'. ಒಂಟಿಯಾಗಿದ್ದ ಮನುಷ್ಯ, ಬೀಗ ಹಾಕ್ಕೊಂಡು ಬಂದ ಮನೆ. ಎತ್ತಿದ. 'ತಮ್ಮಾ, ಹುಷಾರಾಗಿ ಬಾ. ನೀನು ಒತ್ತು ಸಾಕು, ಬಾಗಿಲು ನಾನು ತೆಗೀತೀನಿ.'

"ಬಂದ, ಎದುರು ಫುಟ್‌ಪಾತ್‌ವರೆಗೆ. ಮೇಲೆ ನೋಡಿದ, ಅವನ ಕಿಟಕಿಯಲ್ಲಿ ದೀಪ ಉರೀತಿತ್ತು. ಅಲ್ಲಿಂದ್ಲೇ ಹಿಂದಕ್ಕೆ ಹೋದೋನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮೇಲೆ ಹೋಗಿ 'ತಪ್ಪಾಯ್ತಕ್ಕಾ' ಅಂದಿದ್ರೆ ಮುಗೀತಿತ್ತು. ಅವಳು ಕೇಳಿದ್ದೇನು? ಸ್ವಲ್ಪ ಕೂತು ಹೋಗ್ತೀನಿ ಅಂದಿದ್ಲು, ಅಷ್ಟೇ ತಾನೆ? ಅಷ್ಟಕ್ಕೂ ಎದೆ ಇರಲಿಲ್ಲ ಹೇಡಿಗೆ. ಈಗ ಎಲ್ಲೋ ಬಾಡಿಗೆ ಕೋಣೇಲಿದಾನಂತೆ. ಕದ ಹಾಕೋಕೇ ಹೆದರ್ತಾನಂತೆ, ಹಗಲೂ ರಾತ್ರಿ ತೆಗೆದೇ ಇಡ್ತಾನಂತೆ."

"ಈಗ ಆ ಮನೇಲಿ ಯಾರಿದ್ದಾರಜ್ಜಿ?" ಟೀಚರ ಧ್ವನಿ ಸಣ್ಣದಾಗಿತ್ತು.

"ಯಾರೂ ಇಲ್ಲ. ನಾಲ್ಕು ವರ್ಷದಿಂದ ಬೀಗ. ಕರೆಂಟೂ ಕಿತ್ತಿದಾರೆ, ಮೇಸ್ತ್ರಿ ಆ ನಂಬರನ್ನ ಅಳಿಸಿಯೂ ಹಾಕಿದ. ಆದ್ರೆ ಮೊನ್ನೆ ಪಾರ್ಸೆಲ್ ತರೋ ಹುಡುಗಿ ಬಂದು ನನ್ನ ಕೇಳಿದ್ಲು, 'ಅಜ್ಜಿ, ಮುನ್ನೂರೆರಡರಲ್ಲಿ ಇರೋರು ಯಾರು? ಈ ಕಟ್ಟಡದಲ್ಲಿ ಮನುಷ್ಯರ ಹಾಗೆ ಮಾತಾಡೋರು ಅವರೊಬ್ಬರೇ. ತಪ್ಪಾಗಿ ಒತ್ತಿದ್ರೂ, ನೆನೀಬೇಡ ಮಗಾ, ಒಳಗೆ ಬಾ ಅಂತ ತೆಗೆದ್ರು' ಅಂತ."

ಅಜ್ಜಿ ಕನ್ನಡಕ ಹಾಕಿಕೊಂಡು, ಗೋಡೆ ಹಿಡಿದು ಎದ್ದು ನಿಂತಳು.

"ನೀವು ಹೊಸದು ಹಾಕ್ಸಿ, ಹಾಕ್ಸದೇ ಇರಿ. ನನಗೆ ಅವಳ ಭಯ ಇಲ್ಲ. ಅವಳು ಒಳ್ಳೆಯೋಳು, ಬಂದೋರನ್ನ ನೀನ್ಯಾರು ಅಂತ ಕೇಳಲ್ಲ, ಯಾರನ್ನೂ ಬೇಡ ಅನ್ನಲ್ಲ... ನಾಲ್ಕು ವರ್ಷ ಆಯ್ತು. ಎಷ್ಟೋ ಸಲ ಮಧ್ಯಾಹ್ನ ಬಾಗಿಲು ಟಕ್ ಅನ್ನುತ್ತೆ, ಯಾರೂ ಕಾಣಲ್ಲ, ಲಿಫ್ಟ್ ಮೇಲೆ ಹೋಗುತ್ತೆ. ಒಂದು ಸಲ ಎರಡನೇ ಮಹಡಿಗೆ, ಒಂದು ಸಲ ನಾಲ್ಕನೇದಕ್ಕೆ. ಹಾಗೆ ಕಾಣದೆ ಮೇಲೆ ಹೋದೋರು ಕೆಳಗೆ ಇಳಿದು ಬಂದಿದ್ದನ್ನ ಮಾತ್ರ ನಾನು ಇವತ್ತಿನವರೆಗೂ ನೋಡಿಲ್ಲ."