ತಿರುವಿನಾಚೆಯ ಉತ್ತರ

ಸಭೆಯ ಅಧ್ಯಕ್ಷರೇ, ರಸ್ತೆ ಎಂಜಿನಿಯರ್ ಸಾಹೇಬ್ರೇ, ಮುಂದಿನ ಸಾಲುಗಳಲ್ಲಿ ನೆಟ್ಟಗೆ ಕೂತಿರೋ ಡ್ರೈವರ್ ಬಂಧುಗಳೇ, ಹಿಂದಿನ ಸಾಲಲ್ಲಿ ಆಗಲೇ ಕಣ್ಣು ಮುಚ್ಚಿರೋ ಸಭಿಕರೇ,

ಲಾರಿ ಹಿಂದುಗಡೆ ಅಕ್ಷರ ಬರೆಯೋನು ನಾನು. ಜನರ ಮುಂದೆ ನಿಂತು ಅಭ್ಯಾಸ ಇಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಬರೆದಿದ್ದು ಮಾತ್ರ ಊರೂರು ಸುತ್ತುತ್ತೆ. ಹೆದ್ದಾರಿ ಸುರಕ್ಷತೆ ಬಗ್ಗೆ ಮಾತಾಡು ಅಂದಿದ್ದೀರಿ. ಮಾತಾಡ್ತೀನಿ, ತಡೆಯೋಕೆ ಇಲ್ಲಿ ರೋಡ್ ಹಂಪು ಇಲ್ಲ.

ನಮ್ಮ ಹಳ್ಳದ ತಿರುವು ನಿಮಗೆಲ್ಲ ಗೊತ್ತು. ಹೋದ ವರ್ಷ ಹಾಲಿನ ವ್ಯಾನು ಅಲ್ಲೇ ಮಗುಚಿತು. 'ಅಪಾಯದ ತಿರುವು, ನಿಧಾನವಾಗಿ ಚಲಿಸಿ' ಅಂತ ನಾನೇ ಬರೆದ ಬೋರ್ಡು ಪಕ್ಕದಲ್ಲೇ ಇತ್ತು. ಅಕ್ಷರ ಮುದ್ದಾಗಿತ್ತು ಸ್ವಾಮಿ! ಆದರೂ ಯಾಕೆ ಯಾರೂ ಓದಲ್ಲ? ಈ ಪ್ರಶ್ನೆ ನನ್ನ ತಲೆ ತಿಂತು. ಒಬ್ಬ ಲಾರಿಯವನನ್ನು ನಿಲ್ಲಿಸಿ ಕೇಳಿದೆ. "ಬೋರ್ಡಾ? ಯಾವ ಬೋರ್ಡು? ಬುದ್ಧಿ ಹೇಳೋದಕ್ಕೆ ಮನೇಲಿ ಹೆಂಡ್ತಿ ಇದಾಳೆ ಬಿಡಪ್ಪ" ಅಂದ.

ಅವನು ಹೇಳಿದ್ದು ನಿಜ ತಾನೇ? ಬುದ್ಧಿ ಯಾರಿಗೆ ಬೇಕು? ನಮ್ಮಣ್ಣನಿಗೇ ಬೇಡ. ನಮ್ಮಣ್ಣ ಬಸ್ ಡ್ರೈವರು. ಅವನು ಆ ತಿರುವಲ್ಲಿ ಅದೇ ಸ್ಪೀಡಲ್ಲಿ ಬಸ್ಸು ತಿರುಗಿಸಿದರೆ ಹಿಂದಿನ ಚಕ್ರ ರಸ್ತೆ ಅಂಚಿನ ಜಲ್ಲಿ ಮೇಲೆ. ಒಂದು ದಿನ ತಡೆಯಲಾರದೆ ಬಸ್ಸಿಗೆ ಅಡ್ಡ ನಿಂತು, ಪ್ಯಾಸೆಂಜರ್ ಮುಂದೇನೇ, "ಅಣ್ಣಾ, ಸ್ವಲ್ಪ ನಿಧಾನ ಕಣೋ" ಅಂದೆ. "ಬ್ರಷ್ ಹಿಡಿಯೋನು ನನಗೆ ಗಾಡಿ ಓಡ್ಸೋದು ಕಲಿಸ್ತೀಯೇನೋ? ಸರಿಯೋ ಆಚೆ!" ಅಂದ. ಅವತ್ತಿಂದ ಮಾತಿಲ್ಲ. ಇರಲಿ, ಇದು ಮನೆ ವಿಷಯ, ಯಾಕೆ ಬಂತೋ ಬಾಯಿಗೆ.

ಬುದ್ಧಿ ಬೇಡ, ಒಗಟು ಬೇಕಾ ನೋಡೋಣ ಅಂತ ತಿರುವಿಗೆ ಮುಂಚೆ ದಪ್ಪಕ್ಷರದಲ್ಲಿ ಬರೆದೆ: 'ಗಾಳಿ ತಿಂದು ಬದುಕ್ತಾನೆ, ಮೊಳೆ ತಿಂದು ಸಾಯ್ತಾನೆ. ಯಾರು?' ಉತ್ತರ 'ಟೈರು' ಅಂತ ತಿರುವಿನ ಮಧ್ಯದಲ್ಲಿ ಬರೆದು ಸಿಕ್ಕಿಸಿದೆ. ಏನಾಯ್ತು? ಉತ್ತರ ಓದೋಕೆ ಎಲ್ಲರೂ ತಿರುವಲ್ಲೇ ಗಕ್ಕನೆ ನಿಂತರು! ಎಂಜಿನಿಯರ್ ಸಾಹೇಬ್ರು ತಲೆ ಚಚ್ಚಿಕೊಂಡು, "ಮಾರಾಯ, ಉತ್ತರ ತಿರುವು ಮುಗಿಯೋ ಕಡೆ ಹಾಕು, ಸಣ್ಣಕ್ಷರದಲ್ಲಿ ಬರಿ" ಅಂದರು. ಅದೇ ಮದ್ದು. ಓಡಿ ಬಂದವನಿಗೆ ಪ್ರಶ್ನೆ ಮಾತ್ರ ಸಿಗುತ್ತೆ, ಉತ್ತರ ನಿಧಾನಸ್ಥನಿಗೇ. ಈಗ ವಾರಕ್ಕೊಂದು ಒಗಟು. ಗಾಡಿಗಳೆಲ್ಲ ಮದುವೆ ದಿಬ್ಬಣದ ಥರ ಹೋಗ್ತವೆ.

ಆದರೆ ನಮ್ಮಣ್ಣ? ನಿಧಾನ ಮಾಡ್ತಾನಾ, ಇಲ್ವಾ? ನನ್ನ ಅಂಗಡಿಯಿಂದ ತಿರುವು ಕಾಣಲ್ಲ. ಕಂಡಕ್ಟರನ್ನ ಕೇಳಿದರೆ, "ನಾನು ಚಿಲ್ಲರೆ ನೋಡ್ಲೋ, ಸ್ಪೀಡು ನೋಡ್ಲೋ?" ಅಂತಾನೆ. ಸಂಜೆ ಬಸ್ಸಿನ ಹಾರ್ನು ಕೇಳೋವರೆಗೂ ನಾನು ಅಂಗಡಿ ಬಾಗಿಲು ಹಾಕಲ್ಲ. ಸುರಕ್ಷತೆ ಅಂದ್ರೆ ನನಗೆ ಇಷ್ಟೇ ಗೊತ್ತು ಸ್ವಾಮಿ.

ಈ ವಾರದ ಒಗಟು: 'ದಿನವೆಲ್ಲ ತಿರುಗ್ತಾನೆ, ಇದ್ದ ಜಾಗ ಬಿಡಲ್ಲ.' ಉತ್ತರ 'ಫ್ಯಾನು' ಅಂತ ಬರೆದಿದ್ದೆ. ನಿನ್ನೆ ಹಿಟ್ಟಿನ ಗಿರಣಿ ಹತ್ರ ನಮ್ಮಣ್ಣನ ಹೆಂಡ್ತಿ, ಅತ್ತಿಗೆ, ನನ್ನ ಹೆಂಡ್ತಿಗೆ ಸಿಕ್ಕಿ ಏನಂದರು ಗೊತ್ತಾ? "ನಿನ್ನ ಗಂಡನಿಗೆ ಬುದ್ಧಿ ಇದೆಯೇನೇ? ಉತ್ತರ ತಪ್ಪಂತೆ! 'ಕರೆಂಟು ಹೋದ್ರೆ ಫ್ಯಾನು ಎಲ್ಲಿ ದಿನವೆಲ್ಲ ತಿರುಗುತ್ತೆ? ಅದು ಸ್ಟೇರಿಂಗ್ ಅಲ್ವಾ, ದಡ್ಡ ನನ್ಮಗ' ಅಂತ ನಮ್ಮನೆಯವರು ಊಟಕ್ಕೆ ಕೂತಾಗೆಲ್ಲ ಬೈತಾರೆ."

ಓದಿದಾನೆ! ಅಷ್ಟು ಸಣ್ಣಕ್ಷರ ಓದಿದಾನೆ! ಬೈಗುಳ ಕೇಳಿ ಕುಣಿದವನು ಈ ಭೂಮಿ ಮೇಲೆ ನಾನೊಬ್ಬನೇ ಇರಬೇಕು.

ಅಣ್ಣಾ, ಮೂರನೇ ಸಾಲಲ್ಲಿ ಮುಖ ತಿರುಗಿಸಿಕೊಂಡು ಕೂತಿದ್ದೀಯ, ಗೊತ್ತು. ನೀನು ಹೇಳಿದ್ದೇ ಸರಿ. ಇವತ್ತು ಬೆಳಿಗ್ಗೆನೇ 'ಫ್ಯಾನು' ಅಳಿಸಿ 'ಸ್ಟೇರಿಂಗ್' ಅಂತ ಬರೆದು ಬಂದಿದೀನಿ. ಇನ್ನೂ ಸಣ್ಣಕ್ಷರದಲ್ಲಿ. ಸಂಜೆ ಹೋಗ್ತಾ ನೋಡಿಕೊಂಡು ಹೋಗು.

ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ, ಹಿಂದಿನ ಸಾಲಿನ ನಿದ್ದೆಗೂ ಸೇರಿಸಿ, ಧನ್ಯವಾದ. ನಮಸ್ಕಾರ.