ಕತ್ತಲಾದ ಮೇಲಿನ ಗಂಜಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ವೈದ್ಯರೇ, ಗೋಕಾಕದಿಂದ ಹುಕ್ಕೇರಿಗೆ ವರ್ಗವಾಗಿ ಹೊರಟು ನಿಂತಿರುವ ಆಮ್ರಪಾಲಿ ಸಿಸ್ಟರ್ ಅವರೇ, ಉಪ್ಪಿಟ್ಟಿನ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ನಾನು ಇಂದುಬಾಯಿ, ಕೊಣ್ಣೂರಿನ ನಿವೃತ್ತ ಶಿಕ್ಷಕಿ. ಮೂರೇ ನಿಮಿಷ ಮಾತಾಡಿರಿ ಎಂದಿದ್ದಾರೆ. ನಲವತ್ತು ನಿಮಿಷದ ಪಿರಿಯಡ್ ತೆಗೆದುಕೊಂಡೇ ಮುಪ್ಪಾದವಳಿಗೆ ಇದೆಂಥ ಶಿಕ್ಷೆ?

ನನ್ನ ಯಜಮಾನರು ಆದಿನಾಥ ಅವರಿಗೆ ಲಕ್ವಾ ಹೊಡೆದು ಮಾತು ಹೋಯಿತು, ನುಂಗುವುದೂ ಹೋಯಿತು. ಹೊಟ್ಟೆಗೆ ತೂತು ಮಾಡಿ ಪೈಪು ಕೂರಿಸಿದರು. ಎರಡು ವರ್ಷದಿಂದ ಗಂಜಿ, ಹಾಲು, ಔಷಧ ಎಲ್ಲ ಅದರಲ್ಲೇ. ನಾವು ಜೈನರು, ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಪೈಪಿಗೂ ಅದೇ ನೇಮ ಹಚ್ಚಿದ್ದೆ.

ಹೋದ ಚಳಿಗಾಲದ ಒಂದು ಸಂಜೆ ಮಗ್ಗುಲು ಬದಲಿಸುವಾಗ ಪೈಪು ಕಿತ್ತು ಬಂತು. ಹೊತ್ತು ಮುಳುಗಲು ಅರ್ಧ ತಾಸು. ನಾನೇನು ಮಾಡಿದೆ? ಅದನ್ನೇ ತೊಳೆದು, ಒತ್ತಿ ಒಳಗೆ ತೂರಿಸಿದೆ. ಗಂಜಿ ತುಂಬಿದ ಸಿರಿಂಜು ಹಿಡಿದುಕೊಂಡೇ ಸಿಸ್ಟರ್‌ಗೆ ಫೋನ್ ಮಾಡಿದೆ. ಶಾಬಾಸ್ ಅನ್ನಿಸಿಕೊಳ್ಳಲೆಂದೇ ಇರಬೇಕು.

"ಅಕ್ಕಾರ, ಒಂದ ಹನಿ ಸೈತ ಹಾಕಬ್ಯಾಡ್ರಿ. ಪೈಪ ಹೊಟ್ಟಿಯೊಳಗ ಐತೋ ಇಲ್ಲೋ ಯಾರ ನೋಡ್ಯಾರ? ತೂತ ಮುಚ್ಚೂದ್ರಾಗ ಕರ್ಕೊಂಡ ಬರ್ರಿ."

"ಹೊತ್ತ ಮುಳಗತೈತಿ" ಎಂದೆ.

"ಮುಳಗಲಿ. ನೀವ ಬರ್ರಿ."

ಆಸ್ಪತ್ರೆಯಲ್ಲಿ ಎಕ್ಸ್‌ರೇ ಫೋಟೊ ತೆಗೆದು ನೋಡಿದರೆ ಪೈಪು ಜಠರದ ಹೊರಗಿತ್ತು. ಗಂಜಿ ಹಾಕಿದ್ದರೆ ಹೊಟ್ಟೆಯೆಲ್ಲ ನಂಜಾಗಿ ಅವರು ಉಳಿಯುತ್ತಿರಲಿಲ್ಲ. ಕೊಂದವಳು ನಾನೇ ಆಗುತ್ತಿದ್ದೆ. ಡಾಕ್ಟರು ಹೊಸ ಪೈಪು ಹಾಕಿ, ಅದರಲ್ಲಿ ಫೋಟೊದಲ್ಲಿ ಎದ್ದು ಕಾಣುವ ಔಷಧ ಬಿಟ್ಟು ಮತ್ತೊಮ್ಮೆ ನೋಡಿ, ಇನ್ನು ಉಣಿಸಬಹುದು ಎನ್ನುವಾಗ ಎಂಟು ಗಂಟೆ.

"ಇನ್ನ ಮುಂಜಾನೆನ" ಎಂದೆ.

ಸಿಸ್ಟರ್ ನನ್ನೊಡನೆ ವಾದಿಸಲಿಲ್ಲ. ಮಂಚದ ಕಡೆ ಬಗ್ಗಿ ಅವರನ್ನೇ ಕೇಳಿದರು: "ಕಾಕಾ, ಹಸಿವಿ ಆಗೈತೇನ್ರಿ?"

ಸಭಿಕರೇ, ಪೈಪು ಕೂರಿಸಿದಂದಿನಿಂದ ಆ ಮಾತನ್ನು ನಾನು ಅವರಿಗೆ ಒಂದು ದಿನವೂ ಕೇಳಿರಲಿಲ್ಲ. ಗಡಿಯಾರ ನೋಡುತ್ತಿದ್ದೆ, ಮುಖ ನೋಡುತ್ತಿರಲಿಲ್ಲ. ಇದನ್ನು ಹೇಳಲೆಂದು ಬಂದವಳಲ್ಲ, ಆದರೂ ಹೇಳುತ್ತೇನೆ. ಅವರ ಮನೆಯವರೂ ಜೈನರೇ, ಆದರೆ ಆ ನೇಮ ಹಿಡಿದವರಲ್ಲ; ಅದು ನನ್ನ ತವರಿನದು. ಮದುವೆಯಾದ ವರ್ಷ ನಾನೊಬ್ಬಳೇ ಬೇಗ ಉಣ್ಣುವುದನ್ನು ನೋಡಲಾರದೆ ಜೊತೆಗೆ ಕೂತವರು, ಆಮೇಲೆ ಬಿಡಲೇ ಇಲ್ಲ.

ಅವರು ಮೊದಲು ನನ್ನನ್ನು ನೋಡಿದರು. ಅಪ್ಪಣೆ ಕೇಳುವ ಹಾಗೆ ನೋಡಿದರು. ಆಮೇಲೆ ಮೆಲ್ಲಗೆ, ಹೌದೆಂದು ತಲೆ ಆಡಿಸಿದರು.

ಸಿರಿಂಜು ನಾನೇ ತೆಗೆದುಕೊಂಡೆ. ಅರ್ಧ ಇಳಿದ ಮೇಲೆ, "ಸಾಕೇನ್ರಿ, ಇನ್ನಷ್ಟ ಹಾಕ್ಲ್ಯಾ?" ಎಂದು ಕೇಳಿದೆ. ಈಗ ದಿನಾಲೂ ಕೇಳುತ್ತೇನೆ.

ಸಿಸ್ಟರ್, ಹುಕ್ಕೇರಿಯವರ ಮೇಲೆ ನನಗೆ ಹೊಟ್ಟೆಕಿಚ್ಚಾಗಿದೆ. ಸುಖವಾಗಿರಿ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಉಪಕಾರ, ನಮಸ್ಕಾರ.