ಪಾಯ ಹಾಕಿದವನ ಎಲಿಅಡಿಕಿ

ಸಾಕಿದ್ರಂತ! ಯಾರನ್ನ ಸಾಕಿದ್ರು? ಏ ಶಾಂತಿ, ಇನ್ನೊಂದು ಸಲ ಹೇಳು, ನಿಮ್ ಮೇಷ್ಟ್ರು ಏನಂದ್ರು? ‘ಆ ಕಷ್ಟದ ಕಾಲದಾಗ ಯೂನಿವರ್ಸಿಟಿ ಬಿಲ್ಡಿಂಗ್ ಕಟ್ಟಿಸಿ ಸುತ್ತಲ ಊರಿನ ಮಂದೀನ ಸಾಕ್ತು’ ಅಂದ್ರಾ? ನೀನು ದಿನಾ ಕುಂದರ್ತೀಯಲ್ಲ ಆ ಕ್ಲಾಸು, ಅದರ ಬಾಗಿಲ ಎಡಕ್ಕಿರೋ ಗ್ವಾಡಿ ಎತ್ತಿದೋನು ನಿಮ್ಮಜ್ಜ, ಈ ಮರಿಯಪ್ಪ ಗೌಂಡಿ. ಸಾಕಿದ್ರಂತ, ನಾವೇನು ಅವರ ಮನಿ ಕೋಳಿ ಏನು? ಬಾ ಇಲ್ಲಿ, ಕುಂದ್ರು. ನೀವೂ ಬರ್ರಿ ಹುಡುಗ್ರಾ, ಎಲ್ಲಾರೂ.

ಗಣಿ ಅದಿರು ನಿಂತ ವರ್ಷ ಅದು. ಎಲ್ಲೋ ದೂರದ ದೇಶದಾಗ ಬ್ಯಾಂಕು ಮುಳುಗಿದ್ವಂತ. ಅಲ್ಲಿ ಬ್ಯಾಂಕು ಮುಳುಗಿದ್ರ ಕೂಡ್ಲಿಗ್ಯಾಗ ನನಗೇನಾತು ಅಂತ ನಾನೂ ನಕ್ಕಿದ್ದೆ, ಸುಳ್ಳ್ಯಾಕ ಹೇಳಲಿ. ಆಮ್ಯಾಲ ಅದಿರು ಕೊಳ್ಳೋರು ನಿಂತ್ರು, ಸಂಡೂರು ಕಡೆ ಲಾರಿ ನಿಂತ್ವು, ಲಾರಿ ನಿಂತ ಮ್ಯಾಲ ಡ್ರೈವರ್ ಮನಿ ಕಟ್ಟೋದು ನಿಲ್ಲಿಸಿದ, ಕ್ಲೀನರ್ ಮನಿ ಕಟ್ಟೋದು ನಿಲ್ಲಿಸಿದ, ಅಲ್ಲ, ಕ್ಲೀನರ್ ಎಲ್ಲಿ ಮನಿ ಕಟ್ತಿದ್ದ, ಬಿಡು, ಡ್ರೈವರ್ ಅನ್ನು, ಒಟ್ಟು ಗೌಂಡಿ ಕೈ ಖಾಲಿ ಆತು. ನಿಮ್ಮಜ್ಜಿ ಗಂಜಿ ಇಟ್ಟು ಅದಕ್ಕ ಎರಡೆರಡು ಸಲ ನೀರು ಹಾಕ್ತಿದ್ಲು. ಅಂಥಾದ್ರಾಗ ಕೊಟ್ಟೂರು ಹೊರಗ ಯೂನಿವರ್ಸಿಟಿಯೋರು ಬಿಲ್ಡಿಂಗ್ ಎತ್ತತಾರಂತ ಸುದ್ದಿ ಬಂತು ನೋಡ್ರಿ. ಹಡಗಲಿ, ಹಂಪಸಾಗರ, ಚಿಗಟೇರಿ, ಎಲ್ಲಾ ಕಡಿಂದ ಬುತ್ತಿ ಕಟ್ಕೊಂಡು ಬಸ್ಸಿಗೆ ಬಂದ್ರು. ಪಾಯದ ದಾರ ಹಿಡಿದೋನು ನಾನು. ಆ ನೆಲ ಗೊತ್ತಲ್ಲ, ಕಬ್ಬಿಣದ ಹಾರಿ ಹೊಡೆದ್ರ ಹಾರೀನೇ ತಿರುಗಿ ಬರೋದು. ಅಂಥಾ ನೆಲ ಅಗದು, ಪಾಯ ತುಂಬಿ, ನೆಲಮಟ್ಟಕ್ಕ ತಂದ್ವಿ. ಇನ್ನ ಗ್ವಾಡಿ ಕೆಲಸ ಐತಿ, ವರ್ಷದ ಅನ್ನ ಐತಿ ಅಂತ ನಾವು ಖುಷಿಯಾಗಿದ್ರ, ಕಾಂಟ್ರಾಕ್ಟರ್ ಬಂದು ಏನಂದ ಗೊತ್ತಾ? ‘ಗ್ವಾಡಿಗೆ ಬ್ಯಾರೆ ಮಂದಿ ಬರ್ತಾರ. ನಾಳಿಂದ ನೀವು ಬರಬ್ಯಾಡ್ರಿ.’ ಯಾಕ್ರೀ ಅಂದೆ. ‘ಅವರು ಇಲ್ಲೇ ಗುಡಿಸಲು ಹಾಕ್ಕೊಂಡು ಇರ್ತಾರ. ನಿಮ್ಮಂಗ ಬಸ್ಸು, ಸಂತಿ, ಹಬ್ಬ ಅನ್ನಲ್ಲ.’ ಮೈ ಉರಿದು ಹೋತು ನನಗ. ಕಲ್ಲು ಒಡಿಯೋವಾಗ ಸಂತಿ ನೆನಪಾಗಲಿಲ್ಲ ಆ ಮಗನಿಗೆ!

ಮರುದಿನ ಲಾರಿ ತುಂಬ ಮಂದಿ ಇಳಿದ್ರು. ಅವರ ಹಿರಿಗೌಂಡಿ ನರಸಣ್ಣ ಅಂತ, ಆಂಧ್ರದ ಕಡೆಯೋನು, ವಯಸ್ಸಿನ್ಯಾಗ ನನ್ನ ವಾರಿಗಿಯೋನೇ. ಈಗ ಇದನ್ನ ಚಲೋತ್ನಾಗಿ ಕೇಳ್ರಿ. ನಮ್ ಗೌಂಡಿ ಮಂದ್ಯಾಗ ಒಂದು ಪದ್ಧತಿ ಐತಿ. ಒಬ್ಬ ಹಾಕಿದ ಪಾಯದ ಮ್ಯಾಲ ಇನ್ನೊಬ್ಬ ಕಲ್ಲಿಡಬೇಕಂದ್ರ, ಪಾಯ ಹಾಕಿದೋನ ಕೈಯಿಂದ ಎಲಿಅಡಿಕಿ ಇಸ್ಕೋಬೇಕು. ಇಲ್ಲಾಂದ್ರ ಗಾರಿ ಹಚ್ಚೋ ಕರಣಿ ಮುಟ್ಟಂಗಿಲ್ಲ. ನಾನಲ್ಲಿ ಇರಲಿಲ್ಲ, ನೋಡಿದೋರು ಹೇಳಿದ್ದು, ನರಸಣ್ಣ ಪಾಯ ನೋಡಿದ, ಒಂದು ಸುತ್ತು ಹಾಕಿದ, ‘ಇದು ಯಾರ ಕೈದು?’ ಅಂದ. ಕೂಡ್ಲಿಗಿ ಮರಿಯಪ್ಪಂದು ಅಂದ್ರು. ‘ಎಲಿಅಡಿಕಿ ಕೊಟ್ಟಾನೇನು?’ ಅಂದ. ಕಾಂಟ್ರಾಕ್ಟರ್ ಕಿಸಕ್ಕಂತ ನಕ್ಕ. ನರಸಣ್ಣ ಕರಣಿ ಚೀಲ ಕೆಳಗಿಟ್ಟು ಪಾಯದ ಮ್ಯಾಲ ಕುಂತುಬಿಟ್ಟ. ‘ಇವತ್ತು ಕೇಳದಂಗ ಇವನ ಪಾಯದ ಮ್ಯಾಲ ನಾನು ಕಲ್ಲಿಟ್ರ, ನಾಳೆ ನನ್ನ ಪಾಯದ ಮ್ಯಾಲ ಇನ್ನೊಬ್ಬ ಇಡ್ತಾನಪ್ಪಾ’ ಅಂದ.

ಮೂರು ದಿನ ಒಂದು ಕಲ್ಲು ಏಳಲಿಲ್ಲ. ಬಂದು ಎಲಿ ಕೊಡು ಅಂತ ನನಗ ಕರೆ ಬಂತು. ನಮ್ಮೋರು, ‘ಲೇ ಮರಿಯಪ್ಪ, ಎಲಿ ಕೊಡಬ್ಯಾಡ, ಅವರು ತಾವೇ ಗಂಟು ಕಟ್ಕೊಂಡು ಊರಿಗೆ ಹೋಗ್ತಾರ’ ಅಂದ್ರು. ನಾನೂ ಹಂಗೇ ಅನ್ಕೊಂಡು ಹೋದೆ, ಖರೇ. ಹೋಗಿ ನೋಡ್ತೀನಿ, ಬೇವಿನ ಗಿಡಕ್ಕ ಜೋಳಿಗಿ ಕಟ್ಟಿ ಕೂಸು ಮಲಗಿಸ್ಯಾರ, ಮೂರು ಕಲ್ಲಿನ ಒಲಿ ಐತಿ, ಒಲಿ ಮ್ಯಾಗ ಏನೂ ಇಲ್ಲ. ನಮ್ಮ ಮನೀನೇ ಎತ್ತಿ ಅಲ್ಲಿ ಇಟ್ಟಂಗಿತ್ತು. ನನ್ನ ಸಿಟ್ಟು ಇವರ ಮ್ಯಾಲಲ್ಲ ಅಂತ ಆವಾಗ ತಿಳೀತು. ಯೂನಿವರ್ಸಿಟಿ ಇಂಜಿನಿಯರ್ ಸಾಹೇಬ ತಲಿಮ್ಯಾಲ ಕೈ ಹೊತ್ತು ನಿಂತಿದ್ದ. ಎಲ್ಲಾರ ಮುಂದ ಎಲಿಅಡಿಕಿ ಹಿಡಿದು ಅಂದೆ, ‘ಸಾಹೇಬ್ರ, ಎಲಿ ಕೊಡ್ತೀನಿ. ಆದ್ರ ಬಾಗಿಲ ಎಡಗಡೆ ಗ್ವಾಡಿ ನಮ್ಮ ಮಂದಿ, ಬಲಗಡೆ ನರಸಣ್ಣನ ಮಂದಿ. ಒಪ್ಪಿದ್ರ ಈಗಲೇ ದಾರ ಕಟ್ತೀವಿ.’ ಕಾಂಟ್ರಾಕ್ಟರ್ ಕೂಗಾಡಿದ, ‘ನನಗ ಕಾನೂನು ಹೇಳಾಕ ಬರ್ತೀಯೇನಲೇ?’ ಅಂದ. ನರಸಣ್ಣ ಕುಂತಲ್ಲಿಂದ ಏಳಲಿಲ್ಲ, ‘ನನಗೆ ಒಪ್ಪಿಗಿ’ ಅಂದ, ಅಷ್ಟೇ. ಸಾಹೇಬ ಕಾಂಟ್ರಾಕ್ಟರ್ ಕಡೆ ನೋಡಿದ, ಪಾಯದ ಕಡೆ ನೋಡಿದ, ‘ಹಂಗೇ ಮಾಡ್ರಿ, ಮೊದಲು ಕೆಲಸ ಶುರು ಮಾಡ್ರಿ’ ಅಂದ. ಅವತ್ತೇ ದಾರ ಕಟ್ಟಿದ್ವಿ. ಎರಡೂ ಕಡೆ ಒಲಿ ಹತ್ತಿದ್ವು.

ಕೆಲಸ ಬಂತು, ಊರಿಗೆ ಉಸಿರು ಬಂತು, ಕೊಟ್ಟೂರಾಗ ಚಾದಂಗಡಿ ಸೈತ ಮತ್ತ ತೆರದ್ವು. ಇಲ್ಲ ಅನ್ನಲ್ಲ ನಾನು. ಆದ್ರ ಉದ್ಘಾಟನಿ ದಿನ ನಮ್ಮನ್ನ ಗೇಟಿನ ಹೊರಗ ನಿಂದರಿಸಿದ್ರು. ಒಳಗ ಮೈಕಿನ್ಯಾಗ ಒಬ್ಬ ದೊಡ್ಡ ಮನಿಷ್ಯಾ, ‘ಈ ಭಾಗದ ಬಡವರಿಗೆ ಅನ್ನ ಹಾಕಿದ್ವಿ’ ಅಂತ ಭಾಷಣ ಬಿಗೀತಿದ್ದ. ನರಸಣ್ಣ ನನ್ನ ಮಗ್ಗಲಿಗೇ ನಿಂತಿದ್ದ, ಊರಿಗೆ ಹೊಂಟಿದ್ದ. ಚೀಲದಾಗಿಂದ ಎಲಿಅಡಿಕಿ ತಗದು ನನ್ನ ಕೈಯಾಗಿಟ್ಟು, ‘ಬಲಗಡೆ ಗ್ವಾಡಿಗೆ ಮುಂದ ಏನರ ಆದ್ರ ನೀನೇ ಕೈ ಹಚ್ಚು’ ಅಂದ. ಆ ದಿನ ನಮ್ಮನ್ನ ಲೆಕ್ಕಕ್ಕ ಇಟ್ಟೋನು ಅವನೊಬ್ಬನೇ. ಇವರು ಸಾಕಿದ್ರಂತ! ನಾಳೆ ಹೋಗಿ ಮೇಷ್ಟ್ರಿಗೆ ಹೇಳು ಶಾಂತಿ, ಅಂಜಬ್ಯಾಡ. ಕೆಲಸ ಕೊಟ್ಟೋರ ಹೆಸರು ಹೇಳೋವಾಗ ಕೆಲಸ ಮಾಡಿದೋರ ಹೆಸರೂ ಹೇಳಬೇಕು. ಏಳ್ರಿ ಈಗ, ರೊಟ್ಟಿ ಆರ್ತಾವ. ಆ ರೊಟ್ಟಿ ಬಡದೋಳು ನಿಮ್ಮಜ್ಜಿ, ಅದನ್ನ ಮರೀಬ್ಯಾಡ್ರಿ.